ಸ್ಟೂಲು ತಪ್ಪಿಸಿ ನಡೆದವನು

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥದ್ದನ್ನೆಲ್ಲ ನಂಬುವ ಹೆಂಗಸಲ್ಲ. ಹೊಸಪೇಟೆಯ ನಮ್ಮ ಮನೆಯಲ್ಲಿ ಮೈಮೇಲೆ ಹಲ್ಲಿ ಬಿದ್ದರೆ ಅಮ್ಮ ಪಂಚಾಂಗ ಹುಡುಕುತ್ತಿದ್ದಳು, ನಾನು ಪೊರಕೆ ಹುಡುಕುತ್ತಿದ್ದೆ. ಗುರುವಾರ ತಪ್ಪದೆ ರಾಯರ ಮಠಕ್ಕೆ ಹೋಗುವ ಮನೆತನ ನಮ್ಮದು. ಅಲ್ಲಿ ಪ್ರಸಾದದ ಸಾಲಿನಲ್ಲಿ ನಿಂತವರು ಹೇಳುವ ಪವಾಡದ ಕಥೆಗಳಿಗೆ ನಾನು ಮುಖ ತಿರುಗಿಸಿಕೊಂಡು ನಗುತ್ತಿದ್ದೆ. ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ನೇತ್ರ ಸಹಾಯಕಿಯಾಗಿ ದುಡಿದಿದ್ದೇನೆ. ಕಣ್ಣಿಗೆ ಕಂಡದ್ದು ಕಂಡಿತು, ಕಾಣದ್ದು ಕಾಣಲಿಲ್ಲ, ಇಷ್ಟೇ ನನ್ನ ಶಾಸ್ತ್ರವಾಗಿತ್ತು.

ಇದನ್ನು ಈಗ ಬರೆಯಲು ಕೂತದ್ದು ಸಿಟ್ಟಿನಿಂದ. ಹೋದ ತಿಂಗಳು ಪತ್ರಿಕೆಯ ಭಾನುವಾರದ ಪುಟದಲ್ಲಿ ಒಂದು ಬಣ್ಣದ ಪೆಟ್ಟಿಗೆ ಇತ್ತು. ಕುರುಡರಲ್ಲಿ ಕೆಲವರು ತಮಗೇ ಗೊತ್ತಿಲ್ಲದೆ ನೋಡಬಲ್ಲರಂತೆ, ಅಡ್ಡ ಇಟ್ಟ ವಸ್ತುವನ್ನು ತಪ್ಪಿಸಿ ನಡೆಯಬಲ್ಲರಂತೆ, ಎಂಥ ಸೋಜಿಗ ನೋಡಿ, ಎಂದು ಬರೆದಿದ್ದರು. ಅದರ ಕೆಳಗಿನ ಪೆಟ್ಟಿಗೆಯಲ್ಲಿ ಆಕ್ಟೋಪಸ್ಸಿಗೆ ಮೂರು ಹೃದಯ ಎಂದಿತ್ತು. ಮೊಮ್ಮಗಳು ಎರಡನ್ನೂ ಜೋರಾಗಿ ಓದಿ, "ಅಜ್ಜಿ, ಮಸ್ತ್ ಐತಲ್ಲ!" ಅಂದಳು. ಅವಳದೇನು ತಪ್ಪು? ಆದರೆ ನನಗೆ ಮೈಯೆಲ್ಲ ಉರಿಯಿತು. ನೀವು ಬೆಳಗಿನ ಕಾಫಿ ಜೊತೆ ಓದಿ ಬಿಸಾಕುವ ಆ ಸೋಜಿಗಕ್ಕೆ ಒಂದು ಹೆಸರಿತ್ತು, ಹೆಂಡತಿ ಇದ್ದಳು, ಎಳೆಗೂಸು ಇತ್ತು. ಅವನು ಸುಳ್ಳ ಎಂದು ಬರೆದುಕೊಟ್ಟ ಕೈ ನನ್ನದು.

ಯಾವ ಊರಿನ ಆಸ್ಪತ್ರೆ ಎಂದು ಹೇಳುವುದಿಲ್ಲ. ಹೊಸಪೇಟೆ, ಸಂಡೂರು, ಕಂಪ್ಲಿ ಸುತ್ತಮುತ್ತ ನಾನು ಬಹಳ ಕಡೆ ಕೆಲಸ ಮಾಡಿದ್ದೇನೆ, ನೀವೂ ಊಹಿಸಲು ಹೋಗಬೇಡಿ. ಅದಿರಿನ ಹುಚ್ಚು ಹಿಡಿದಿದ್ದ ವರ್ಷಗಳವು. ಜೋಳ ಬೆಳೆಯುವ ಹೊಲವನ್ನೂ ಅಗೆದು, ಜರಡಿ ಹಿಡಿದು, ಕೆಂಪು ಕಲ್ಲು ಮಾರುತ್ತಿದ್ದರು. ಲಾರಿಗಳ ಸಾಲು ಒಂದು ಊರಿನಲ್ಲಿ ಶುರುವಾಗಿ ಇನ್ನೊಂದು ಊರಿನಲ್ಲಿ ಮುಗಿಯುತ್ತಿತ್ತು. ಬೇವಿನ ಎಲೆ ಕೆಂಪು, ಎಮ್ಮೆಯ ಬೆನ್ನು ಕೆಂಪು, ಒಗೆದು ಹಾಕಿದ ನನ್ನ ಬಿಳಿ ಕೋಟೂ ಸಂಜೆಯ ಹೊತ್ತಿಗೆ ಕೆಂಪು. ಕಣ್ಣಲ್ಲಿ ಧೂಳು ಬಿತ್ತೆಂದು ದಿನಕ್ಕೆ ಎಷ್ಟು ಜನ ಬರುತ್ತಿದ್ದರೋ ಲೆಕ್ಕವಿಲ್ಲ. ಊರು ಉದ್ಧಾರವಾಯಿತು ಎಂದು ಭಾಷಣ ಮಾಡುವವರ ಕಣ್ಣನ್ನು ಮಾತ್ರ ನಾನು ಒಂದು ದಿನವೂ ತೊಳೆಯಲಿಲ್ಲ, ಅವರ ಕಾರಿನ ಗಾಜು ಏರಿಸಿರುತ್ತಿತ್ತು.

ಆಗ ನನ್ನ ಮುಖ್ಯ ಕೆಲಸ ಸುಳ್ಳು ಹಿಡಿಯುವುದಾಗಿತ್ತು. ಲಾರಿ ಓಡಿಸಲು ಎಲ್ಲಿಂದೆಲ್ಲಿಂದಲೋ ಬಂದವರು ಕಣ್ಣಿನ ಸರ್ಟಿಫಿಕೇಟಿಗೆ ಸಾಲು ನಿಲ್ಲುತ್ತಿದ್ದರು. ಗೋಡೆಯ ಮೇಲಿನ ಅಕ್ಷರದ ಚಾರ್ಟನ್ನು ಹೊರಗೆ ನಿಂತವರಿಂದ ಬಾಯಿಪಾಠ ಮಾಡಿಕೊಂಡು ಬಂದು ಗಿಣಿಯ ಹಾಗೆ ಒಪ್ಪಿಸುತ್ತಿದ್ದರು. ನಾನು ಮೆಲ್ಲಗೆ ಚಾರ್ಟು ಬದಲಿಸುತ್ತಿದ್ದೆ. ಆಗಲೂ ಹಳೆಯ ಚಾರ್ಟಿನ ಅಕ್ಷರವನ್ನೇ ಹೇಳುವವರನ್ನು ನೋಡಿ ಇಡೀ ಕೋಣೆ ನಗುತ್ತಿತ್ತು. ಕಾಣುತ್ತಿದ್ದರೂ ಕಾಣುವುದಿಲ್ಲ ಎನ್ನುವವರು ಇನ್ನೊಂದು ಬಗೆ. ಅವರಿಗೆ ನನ್ನ ಹತ್ತಿರ ಒಂದು ಸ್ಟೂಲು ಇತ್ತು. ಗುಳಿಗೆ ಕೊಡುವ ಕೋಣೆಯ ಎದುರಿನ ಮೊಗಸಾಲೆಯ ನಡುವೆ ಸದ್ದಿಲ್ಲದೆ ಅದನ್ನು ಇಟ್ಟು, "ನೆಟ್ಟಗೆ ನಡೆದು ಬನ್ನಿ" ಎನ್ನುತ್ತಿದ್ದೆ. ನಿಜವಾದ ಕುರುಡ ಎಡವುತ್ತಾನೆ, ಕಳ್ಳ ತಪ್ಪಿಸಿಕೊಂಡು ಬರುತ್ತಾನೆ. ಇದು ಪುಸ್ತಕದಲ್ಲಿ ಇಲ್ಲದ ನನ್ನ ಸ್ವಂತ ವಿದ್ಯೆ. ಡಾಕ್ಟರು ಕೂಡ, "ಮೇಡಂ, ನಿಮ್ಮ ಸ್ಟೂಲ್ ತರಸ್ರಿ" ಎನ್ನುತ್ತಿದ್ದರು. ನನಗೆ ಅದರಲ್ಲಿ ಹೆಮ್ಮೆ ಇತ್ತು, ಮುಚ್ಚಿಟ್ಟು ಏನು ಪ್ರಯೋಜನ?

ಹುಲುಗಪ್ಪ ಬಂದದ್ದು ಬೇಸಿಗೆಯ ಒಂದು ಬೆಳಿಗ್ಗೆ. ಮೂವತ್ತರ ಒಳಗಿನ ವಯಸ್ಸು, ಕಲ್ಲು ಒಡೆದು ಗಟ್ಟಿಯಾದ ಕೈ. ಸಂಡೂರು ದಾರಿಯ ಒಂದು ಸಣ್ಣ ಗಣಿಯಲ್ಲಿ ಕೂಲಿ. ಐದು ತಿಂಗಳ ಹಿಂದೆ ಸಿಡಿಮದ್ದು ಹಾರಿಸಿದಾಗ ಒಂದು ಕಲ್ಲು ಬಂದು ಅವನ ಹಿಂದಲೆಗೆ ಬಡಿದಿತ್ತು. ಗಾಯ ಒಣಗಿತ್ತು. ಆದರೆ ಅಂದಿನಿಂದ ಏನೂ ಕಾಣುವುದಿಲ್ಲ ಎನ್ನುತ್ತಿದ್ದ. ಕುರುಡುತನದ ಸರ್ಟಿಫಿಕೇಟು ಸಿಕ್ಕರೆ ಮಾತ್ರ ಅವನ ಪರಿಹಾರದ ಅರ್ಜಿ ಮುಂದೆ ಹೋಗುತ್ತಿತ್ತು. ಹೆಂಡತಿ ದುರುಗಮ್ಮ ಅವನ ಕೈ ಹಿಡಿದು ತಂದಿದ್ದಳು. ಅವಳ ಹೆಗಲ ಮೇಲೆ ಮೂರು ತಿಂಗಳ ಹೆಣ್ಣುಕೂಸು. ಕಲ್ಲು ಬಿದ್ದ ಮೇಲೆ ಹುಟ್ಟಿದ್ದು. ಅದರ ಮುಖ ತಾನಿನ್ನೂ ನೋಡಿಲ್ಲವೆಂದು ಅವನು ನನ್ನೆದುರೇ ಹೇಳಿದ. ಅವರ ಹಿಂದೆ ಗಣಿಯ ಕಡೆಯ ಸೂಪರ್‌ವೈಸರ್ ಒಬ್ಬ ತಂಪು ಕನ್ನಡಕ ಹಾಕಿಕೊಂಡು ನಿಂತಿದ್ದ.

ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಪಾಪೆ ಸರಿಯಾಗಿ ಕಿರಿದಾಯಿತು. ಪೊರೆಯಿಲ್ಲ, ಒಳಗಿನ ನರ ಗುಲಾಬಿಯಂತೆ ಆರೋಗ್ಯವಾಗಿತ್ತು. ಇಂಥ ಕಣ್ಣು ಕಾಣುವುದಿಲ್ಲ ಎಂದರೆ ಯಾರು ನಂಬಬೇಕು? ಡಾಕ್ಟರು ನನ್ನ ಮುಖ ನೋಡಿದರು. ನಾನು ಹೋಗಿ ಸ್ಟೂಲು ಇಟ್ಟೆ. ಅದೂ ಸಾಲದೆಂದು ಮೂರು ಹೆಜ್ಜೆ ಮುಂದೆ ನೆಲ ಒರೆಸುವ ಬಕೆಟ್ಟನ್ನೂ ಇಟ್ಟೆ.

ಅವನು ಕೈ ಚಾಚದೆ, ತಡವರಿಸದೆ ನಡೆದು ಬಂದ. ಸ್ಟೂಲಿನ ಹತ್ತಿರ ಬಂದಾಗ ಮೈಯನ್ನು ಸ್ವಲ್ಪ ಓರೆ ಮಾಡಿ ಎಡಕ್ಕೆ ಸರಿದು ದಾಟಿದ. ಬಕೆಟ್ಟಿನ ಹತ್ತಿರ ಬಲಕ್ಕೆ ಸರಿದ. ನಾವು ತುಂಬಿದ ಸಂತೆಯಲ್ಲಿ ಯೋಚಿಸದೆ ಜನರನ್ನು ತಪ್ಪಿಸಿ ಹೋಗುತ್ತೇವಲ್ಲ, ಹಾಗೆ. ಸೂಪರ್‌ವೈಸರ್ ಕಿಸಕ್ಕನೆ ನಕ್ಕ. ಗುಳಿಗೆಗೆ ನಿಂತವರೆಲ್ಲ ನಕ್ಕರು.

"ಯಾಕಪ್ಪಾ, ನಡುವ ಯಾಕ ತಿರುಗಿದಿ?" ಎಂದು ಕೇಳಿದೆ.

"ಎಲ್ಲಿ ತಿರುಗೀನ್ರಿ ಅಕ್ಕಾರ? ನೀವು ನೆಟ್ಟಗ ಬಾ ಅಂದ್ರಿ, ನೆಟ್ಟಗ ಬಂದೀನಿ" ಅಂದ.

ಎಂಥ ಹಲ್ಕಟ್ ಧೈರ್ಯ ಎಂದುಕೊಂಡೆ. ಇಷ್ಟು ಜನರ ಎದುರು ಸಿಕ್ಕಿಬಿದ್ದರೂ ಮುಖದಲ್ಲಿ ಒಂದು ಗೆರೆ ಅಲುಗದೆ ಸುಳ್ಳು ಹೇಳುತ್ತಾನಲ್ಲ! ಚೀಟಿಯ ಮೇಲೆ 'ದೃಷ್ಟಿ ಇದೆ, ಅಡೆತಡೆ ಗುರುತಿಸಿ ನಡೆಯುತ್ತಾನೆ' ಎಂದು ಬರೆದು ನನ್ನ ಸಹಿ ಹಾಕಿದೆ, ಡಾಕ್ಟರು ಕೆಳಗೆ ಹಾಕಿದರು. ಸೂಪರ್‌ವೈಸರ್ ಅದರ ನಕಲನ್ನು ಮಡಚಿ ಕಿಸೆಗಿಟ್ಟುಕೊಂಡು ಹೋದ.

ಆಮೇಲೆ ನಡೆದದ್ದನ್ನು ನಾನು ಮರೆತಿಲ್ಲ. ದುರುಗಮ್ಮ ಗಂಡನ ಎದುರು ಹೋಗಿ ನಿಂತಳು. ಕೂಗಾಡಲಿಲ್ಲ. "ಹಂಗಾದ್ರ ಇಷ್ಟ್ ದಿನ ನನ್ ಮಾರಿ ಕಾಣತಿತ್ತೇನು ನಿನಗ? ನಾ ಅಳೂದು ನೋಡಿಕೋತ ಕುಂತಿದ್ದೇನು?" ಎಂದು ಕೇಳಿದಳು. ಅವನು ಅವಳ ದನಿ ಬಂದ ಕಡೆ ಮುಖ ಮಾಡಿದ. ಅವಳು ಕೂಸನ್ನು ಎದೆಗೊತ್ತಿಕೊಂಡು ಹೊರಟೇಬಿಟ್ಟಳು. ಅವಳ ಹೆಜ್ಜೆಯ ಸದ್ದಿನ ಹಿಂದೆ ಅವನು ಹೋದ. ಬಾಗಿಲಲ್ಲಿ ಮಲಗಿದ್ದ ನಾಯಿಯನ್ನೂ ಸರಿಯಾಗಿ ತಪ್ಪಿಸಿದ. ನೋಡಿದಿರಾ, ಎಂದು ನಾನು ಪಕ್ಕದವರಿಗೆ ತೋರಿಸಿದೆ.

ಏಳೆಂಟು ತಿಂಗಳ ನಂತರ ಒಂದು ತರಬೇತಿಗೆ ಹೋಗಿದ್ದೆ. ಮಿದುಳು ಮತ್ತು ನರದ ಹಿರಿಯ ಡಾಕ್ಟರೊಬ್ಬರು ಊಟದ ನಂತರದ ತೂಕಡಿಕೆಯ ಹೊತ್ತಿನಲ್ಲಿ ಪಾಠ ಮಾಡುತ್ತಿದ್ದರು. ಕಣ್ಣು ಬರೀ ಕಿಟಕಿ, ನೋಡುವ ಜಾಗ ಇರುವುದು ಹಿಂದಲೆಯ ಒಳಗೆ, ಅಲ್ಲಿಗೆ ಪೆಟ್ಟು ಬಿದ್ದರೆ ಕಣ್ಣು ನೆಟ್ಟಗಿದ್ದರೂ ಮನುಷ್ಯ ಕುರುಡನಾಗುತ್ತಾನೆ, ಪಾಪೆ ಮಾತ್ರ ಬೆಳಕಿಗೆ ಸರಿಯಾಗಿಯೇ ಕಿರಿದಾಗುತ್ತದೆ ಎಂದರು. ನನ್ನ ನಿದ್ದೆ ಹಾರಿತು. ಕಣ್ಣಿನಿಂದ ಇನ್ನೊಂದು ಹಳೆಯ ದಾರಿಯೂ ಇದೆ, ಅದು ಕೈಕಾಲಿಗೆ ಸುದ್ದಿ ಮುಟ್ಟಿಸುತ್ತದೆ, ಮನಸ್ಸಿಗೆ ಮಾತ್ರ ಹೇಳುವುದಿಲ್ಲ ಎಂದರು. ಅಂಥವರಲ್ಲಿ ಕೆಲವರು ಎದುರಿಗಿದ್ದದ್ದನ್ನು ತಪ್ಪಿಸಿ ನಡೆಯುತ್ತಾರೆ, ತಪ್ಪಿಸಿದ್ದು ಅವರಿಗೇ ತಿಳಿಯುವುದಿಲ್ಲ. ಕುಳಿತಲ್ಲೇ ಹುಲುಗಪ್ಪ ನೆನಪಾದ. ನೆಟ್ಟಗ ಬಂದೀನಿ ಅಂದಿದ್ದನಲ್ಲ! ಅವನ ಮಟ್ಟಿಗೆ ಅವನು ನೆಟ್ಟಗೇ ಬಂದಿದ್ದ.

ಮುಂದಿನ ಭಾನುವಾರ ಬೆಳಿಗ್ಗೆ ಸಂಡೂರಿನ ಬಸ್ಸು ಹತ್ತಿದೆ. ಹುಲುಗಪ್ಪನ ಊರು ರಸ್ತೆಯಿಂದ ಸ್ವಲ್ಪ ಒಳಗೆ. ಊರ ಬಾಗಿಲಲ್ಲಿ ವಿಚಾರಿಸಿದರೆ ಒಬ್ಬ ನಗುತ್ತ, "ಕಳ್ಳಗುರುಡನ ಮನೀನ್ರಿ?" ಅಂದ. ನನ್ನ ಚೀಟಿ ನನಗಿಂತ ಮೊದಲೇ ಆ ಊರು ಮುಟ್ಟಿತ್ತು. ಒಂದೇ ಕೋಣೆಯ ಮನೆ. ಹುಲುಗಪ್ಪ ಗೋಡೆಗೊರಗಿ ಒಬ್ಬನೇ ಕೂತಿದ್ದ. ದುರುಗಮ್ಮ ಆಸ್ಪತ್ರೆಗೆ ಬಂದ ದಿನವೇ ಕೂಸನ್ನು ಕರೆದುಕೊಂಡು ಆಚೆ ಓಣಿಯ ತವರುಮನೆಗೆ ಹೋದವಳು. ದಿನಕ್ಕೆರಡು ಸಲ ಬಂದು ರೊಟ್ಟಿ ಇಟ್ಟು ಹೋಗುತ್ತಾಳೆ, ಕೂಸನ್ನು ಮಾತ್ರ ತರುವುದಿಲ್ಲ. ಮಗಳನ್ನು ಅವನು ಮುಟ್ಟಿ ಏಳೆಂಟು ತಿಂಗಳಾಗಿತ್ತು. ನೆರೆಯವಳನ್ನು ಕಳಿಸಿ, ದುರುಗಮ್ಮನಿಗೆ ಬರಲು ಹೇಳಿದೆ. ಕೂಸಿಗೆ ನೀರು ಹಾಕುತ್ತಿದ್ದಾಳೆ, ಮುಗಿಸಿ ಬರುತ್ತಾಳಂತೆ ಎಂದು ಉತ್ತರ ಬಂತು.

ಅಷ್ಟರಲ್ಲಿ ನಾನು ಕೆಲಸ ಶುರು ಮಾಡಿದೆ. ಬಾಗಿಲು ಮುಂದೆ ಮಾಡಿ, ಅವನನ್ನು ಅದಕ್ಕೆ ಬೆನ್ನಾಗಿ ಕೂರಿಸಿ, ಟಾರ್ಚು ಹೊತ್ತಿಸಿ ಅಂಗೈಯಿಂದ ಮುಚ್ಚಿದೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಿಡಿದು ಅಂಗೈ ತೆಗೆಯುತ್ತೇನೆ, ಯಾವ ಕಡೆ ಎಂದು ಕೈ ತೋರಿಸಬೇಕು. "ಕಾಣಂಗಿಲ್ಲ ಅಂದ್ರ ಏನ್ ಹೇಳ್ಲಿ ಅಕ್ಕಾರ?" ಎಂದು ಅವನು ರೇಗಿದ. ಸುಮ್ಮನೆ ಬಾಯಿಗೆ ಬಂದದ್ದು ಹೇಳು ಎಂದೆ. ಇಪ್ಪತ್ತು ಸಲದಲ್ಲಿ ಹದಿನೆಂಟು ಸರಿ. ನನಗೆ ಖುಷಿ ತಡೆಯಲಾಗಲಿಲ್ಲ, ಹೇಳಿಬಿಟ್ಟೆ.

"ಹಂಗಾದ್ರ ನನಗ ಕಾಣತೈತೇನ್ರಿ? ನಾ ಸುಳ್ಳ ಹೇಳಾಕ ಹತ್ತೀನೇನು?" ಎಂದು ಕೇಳಿ ಅವನು ಅತ್ತ. ಹರೆಯದ ಗಂಡಸು ಮೊಣಕಾಲಲ್ಲಿ ಮುಖ ಹುದುಗಿಸಿ ಅತ್ತ. ನಾನು ಚೀಟಿ ಬರೆದದ್ದಕ್ಕಿಂತ ದೊಡ್ಡ ತಪ್ಪು ಮಾಡಿದೆನೇನೋ ಅನ್ನಿಸಿತು. ಊರೆಲ್ಲ ಕಳ್ಳ ಎಂದರೂ ತನ್ನ ಮಟ್ಟಿಗೆ ತಾನು ನಿಜ ಎಂಬುದೊಂದು ಅವನ ಹತ್ತಿರ ಉಳಿದಿತ್ತು. ಅದನ್ನೂ ನಾನು ಟಾರ್ಚು ಹಿಡಿದು ಕಿತ್ತುಕೊಂಡಿದ್ದೆ. ಡಾಕ್ಟರು ಹೇಳಿದ್ದನ್ನೆಲ್ಲ ಎರಡು ಮೂರು ಸಲ ಬಿಡಿಸಿ ಹೇಳಿದೆ. ಎಷ್ಟು ಅರ್ಥವಾಯಿತೋ ಗೊತ್ತಿಲ್ಲ.

ಕೊನೆಗೆ, ಬೆಳಕು ಒಳಗೆ ಹೋಗುತ್ತಿರುವುದು ಕಣ್ಣಿನ ಮೂಲಕವೇ ಎಂದು ಖಾತ್ರಿ ಮಾಡಿಕೊಳ್ಳಬೇಕಿತ್ತು. ಪೊರೆಯ ಆಪರೇಷನ್ ಆದವರಿಗೆ ಕಟ್ಟುವ ಹಾಗೆ ಎರಡೂ ಕಣ್ಣಿಗೆ ಹತ್ತಿಯ ಪ್ಯಾಡು ಇಟ್ಟು, ಮೇಲೆ ಪಟ್ಟಿ ಅಂಟಿಸಿ, ಅದರ ಮೇಲೆ ಬಟ್ಟೆ ಸುತ್ತಿದೆ. ಸಾವಿರಾರು ಕಣ್ಣು ಕಟ್ಟಿದ ಕೈ ಇದು, ಸಂದು ಬಿಟ್ಟಿರಲಿಲ್ಲ. ಟಾರ್ಚು ಹಿಡಿದೆ. ಹತ್ತರಲ್ಲಿ ನಾಲ್ಕು ಸರಿ, ಆರು ತಪ್ಪು. ಲೆಕ್ಕ ಸರಿಹೋಯಿತು. ಕಟ್ಟಿದರೆ ಇಲ್ಲ, ಬಿಚ್ಚಿದರೆ ಇದೆ. ನಾನು ಓದಿದ ವಿಜ್ಞಾನ ಅಲ್ಲಿಗೆ ಮುಗಿಯಿತು. ನಾನೂ ಅಲ್ಲಿಗೇ ಎದ್ದು ಬಂದಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಆಗ ಬಾಗಿಲು ಸರಿಯಿತು. ದುರುಗಮ್ಮ ಹೊಸ್ತಿಲಲ್ಲಿ ನಿಂತಳು. ಸ್ನಾನ ಮಾಡಿಸಿದ ಕೂಸು ಅವಳ ಹೆಗಲಿಗೊರಗಿ ನಿದ್ದೆ ಹೋಗಿತ್ತು. ಅವಳು ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಹುಲುಗಪ್ಪನ ಕಣ್ಣು ಕಟ್ಟಿತ್ತು, ಮುಖ ಎದುರು ಗೋಡೆಯ ಕಡೆಗಿತ್ತು, ಬಾಗಿಲು ಅವನ ಬೆನ್ನ ಹಿಂದೆ. ಅವನು ಮುಖ ತಿರುಗಿಸದೆ, ದಿನಾ ಮಾತಾಡುವ ಹಾಗೆ ಸಹಜವಾಗಿ ಹೇಳಿದ:

"ಯಾಕ ದುರುಗಿ, ಬೊಟ್ಟು ಬಲಗಲ್ಲಕ್ಕ ಇಟ್ಟಿ? ಕೂಸಿನ ಎಡಗಲ್ಲಕ್ಕ ಏನಾಗೈತಿ?"

ಆ ಮನೆಯಲ್ಲಿ ಹೆಣ್ಣುಕೂಸಿಗೆ ಕಾಡಿಗೆಯ ಬೊಟ್ಟನ್ನು ಎಡಗೆನ್ನೆಗೇ ಇಡುವುದು ರೂಢಿಯಂತೆ. ನಾನು ಎದ್ದು ಹೋಗಿ ನೋಡಿದೆ. ಬೊಟ್ಟು ಬಲಗೆನ್ನೆಯ ಮೇಲಿತ್ತು. ಎಡಗೆನ್ನೆ ಹೆಗಲಿಗೆ ಒತ್ತಿಕೊಂಡಿತ್ತು. ಮೆಲ್ಲಗೆ ಎತ್ತಿ ನೋಡಿದರೆ ಒಂದು ಕೆಂಪು ಗುಳ್ಳೆ. ಮುಟ್ಟಿದರೆ ಅಳುತ್ತದೆಂದು ಆ ದಿನ ಮೊದಲ ಸಲ, ಹತ್ತು ನಿಮಿಷದ ಹಿಂದೆ, ಬೇರೆ ಕೆನ್ನೆಗೆ ಇಟ್ಟೆನೆಂದು ದುರುಗಮ್ಮ ಆಮೇಲೆ ಹೇಳಿದಳು. ಕಟ್ಟಿದ ಪಟ್ಟಿಯನ್ನು ಬೆರಳಿನಿಂದ ಸುತ್ತಲೂ ಒತ್ತಿ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಕೂತು, ಕೂಸನ್ನು ಅವನ ತೊಡೆಯ ಮೇಲೆ ಮಲಗಿಸಿದಳು. ಅವನು ತಡಕಾಡಿದ. ಮಗಳ ತಲೆ ಯಾವುದು ಕಾಲು ಯಾವುದು ಎಂದು ತಿಳಿಯಲು ಅವನ ಕೈಗೆ ಸ್ವಲ್ಪ ಹೊತ್ತೇ ಬೇಕಾಯಿತು.

ಬಂದವಳು ದುರುಗಮ್ಮ ಎಂದು ಹೆಜ್ಜೆಯಿಂದ ತಿಳಿದಿರಬಹುದು. ಕೂಸು ಇದೆಯೆಂದು ಉಸಿರಿನಿಂದ, ಸಾಬೂನಿನ ವಾಸನೆಯಿಂದ ತಿಳಿದಿರಬಹುದು. ಇವೆರಡನ್ನೂ ಒಪ್ಪುತ್ತೇನೆ. ಬೊಟ್ಟು? ನೆರೆಯವಳನ್ನು ಕೇಳಿದೆ, ಅವಳು ಬಚ್ಚಲ ಹೊರಗಿನಿಂದಲೇ ಮಾತಾಡಿಸಿ ಬಂದಿದ್ದಳು, ಕೂಸನ್ನು ನೋಡಿಯೇ ಇರಲಿಲ್ಲ. ಬಾಯಿಗೆ ಬಂದದ್ದು ಹೇಳಿದ್ದು ಸರಿಹೋಯಿತು ಎಂದುಕೊಳ್ಳೋಣವೆಂದರೆ ಬೊಟ್ಟೂ ಗುಳ್ಳೆಯೂ ಎರಡೂ ಸರಿಹೋಗಬೇಕೇ? ಸುಳ್ಳು ಹಿಡಿಯುವ ನನ್ನ ವಿದ್ಯೆಯನ್ನೆಲ್ಲ ಹಚ್ಚಿ ನೋಡಿದ್ದೇನೆ. ಏನೂ ಸಿಗಲಿಲ್ಲ.

ಸೋಮವಾರ ನಮ್ಮ ಡಾಕ್ಟರ ಎದುರು ಟಾರ್ಚಿನ ಲೆಕ್ಕ ಬರೆದ ನೋಟ್‌ಬುಕ್ ಇಟ್ಟು, ಚೀಟಿ ತಿದ್ದೋಣ ಎಂದೆ. ಅವರು ಕೆಟ್ಟವರಲ್ಲ, ಹೆದರಿದವರು. "ಮೇಡಂ, ಕಣ್ಣು ಸರಿ ಐತಿ, ಅಡ್ಡ ಇದ್ದದ್ದು ತಪ್ಪಿಸಿ ನಡದಾನ ಅಂತ ನೀವ ಬರದೀರಿ. ಈಗ ಟಾರ್ಚೂ ಗುರುತು ಹಿಡೀತಾನ ಅಂತೀರಿ. ಇದನ್ನಿಟ್ಟುಕೊಂಡು ಕುರುಡ ಅಂತ ಹ್ಯಾಂಗ್ ಬರೀಲಿ?" ಅಂದರು. ಬೊಟ್ಟಿನ ಮಾತನ್ನು ನಾನು ಎತ್ತಲೇ ಇಲ್ಲ. ಕಟ್ಟಿದ ಕಣ್ಣಿಗೂ ಕಾಣುತ್ತದೆ ಎಂದರೆ ನನ್ನನ್ನೇ ಹುಚ್ಚಿ ಎನ್ನುತ್ತಿದ್ದರು. ಅಷ್ಟು ವರ್ಷ ಬೇರೆಯವರ ಸುಳ್ಳು ಹಿಡಿದವಳು ಅರ್ಧ ನಿಜ ಹೇಳಿ ಸುಮ್ಮನಾದೆ. ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ.

ಬಹಳ ಕಾಡಿದ ಮೇಲೆ ಡಾಕ್ಟರು ತಲೆಯ ಸ್ಕ್ಯಾನಿಗೆ ದೊಡ್ಡ ಆಸ್ಪತ್ರೆಗೆ ಒಂದು ಪತ್ರ ಬರೆದುಕೊಟ್ಟರು. ಅದನ್ನು ಹಿಡಿದು, ಸ್ಕ್ಯಾನಿನ ಖರ್ಚು ಕೇಳಲು ಗಣಿಯ ಕಚೇರಿಗೆ ನಾನೇ ಹೋದೆ. ಆ ಹೆಸರಿನವನು ತಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ ಎಂದರು. ಹೇಳಿದವನು ಅದೇ ತಂಪು ಕನ್ನಡಕದ ಸೂಪರ್‌ವೈಸರ್! ಅವನ ಮೇಜಿನ ಮೇಲೆ ನನ್ನ ಚೀಟಿಯ ನಕಲು ಇನ್ನೂ ಇತ್ತು. ಇಲ್ಲದ ಆಳಿನ ಕಣ್ಣಿನ ಚೀಟಿ ನಿನಗ್ಯಾಕೆ ಬೇಕಿತ್ತಪ್ಪಾ, ಎಂದು ಕೇಳಿದೆ. ಅವನು ಫೋನು ಎತ್ತಿಕೊಂಡ. ಸ್ಕ್ಯಾನನ್ನು ನಾನೇ ಮಾಡಿಸುತ್ತೇನೆ ಬಾ ಎಂದು ಹುಲುಗಪ್ಪನನ್ನು ಕರೆದೆ. ಅವನೇ ಬರಲಿಲ್ಲ.

"ಇನ್ನೊಂದು ದವಾಖಾನಿ ಬ್ಯಾಡ್ರಿ ಅಕ್ಕಾರ. ಅಲ್ಲೂ ಸ್ಟೂಲ್ ಇಡ್ತಾರ. ನಾ ಮತ್ತ ತಿರುಗಿ ಹೋದ್ರ? ನನ್ ಕಾಲು ನನ್ ಮಾತು ಕೇಳಂಗಿಲ್ಲ" ಎಂದ.

ದುರುಗಮ್ಮ ಕೂಸಿನೊಂದಿಗೆ ಮನೆಗೆ ಮರಳಿದಳು. ನಾನು ತಿಳಿಸಿ ಹೇಳಿದ ಮಿದುಳಿನ ಪಾಠವನ್ನು ಅವಳು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದಳು. ನಾನು ನಂಬಲಾಗದ ಆ ಬೊಟ್ಟಿನ ಮಾತನ್ನು ಹಿಡಿದುಕೊಂಡೇ ಗಂಡನನ್ನು ನಂಬಿದಳು. ಸರ್ಕಾರಕ್ಕೆ ಮಾತ್ರ ಅವನು ಇಂದಿಗೂ ಕಣ್ಣಿರುವವನು.

ಕೊನೆಯ ಸಲ ಅವನನ್ನು ಕಂಡದ್ದು ಹೊಸಪೇಟೆಯ ಬಸ್ ಸ್ಟ್ಯಾಂಡಿನಲ್ಲಿ. ಗಣಿಗಳು ಬಾಗಿಲು ಹಾಕಿದ ಮೇಲಿನ ಮಾತು, ಮಗಳಿಗೆ ಆಗ ಏಳೆಂಟು ವರ್ಷ. ಅವಳು ಒಂದು ಹೆಜ್ಜೆ ಮುಂದೆ, ಅವನು ಹಿಂದೆ. ದಾರಿಯಲ್ಲಿಟ್ಟ ಬಾಳೆಹಣ್ಣಿನ ಬುಟ್ಟಿಯನ್ನು ಅವನು ಮೈ ಓರೆ ಮಾಡಿ ದಾಟಿದ. ಬೆಂಚಿನ ಮೇಲಿದ್ದ ಇಬ್ಬರು, "ನೋಡಲೇ, ಹೆಂಗ್ ನಾಟಕ ಮಾಡ್ತಾನ" ಎಂದು ನಕ್ಕರು. ನನಗೆ ಎಲ್ಲಿತ್ತೋ ಸಿಟ್ಟು, ಆ ಇಬ್ಬರನ್ನೂ ಬಸ್ಸಿನ ಹಾರನ್ನಿಗಿಂತ ಜೋರಾಗಿ ಬೈದುಬಿಟ್ಟೆ. ಹುಲುಗಪ್ಪ ನಿಂತ. ದನಿ ಕೇಳಿ, "ಸ್ಟೂಲಿನ ಅಕ್ಕಾರೇನ್ರಿ?" ಅಂದ. ಅವರ ಮನೆಯಲ್ಲಿ ನನಗೆ ಅದೇ ಹೆಸರಿರಬೇಕು.

ಅವನನ್ನು ಬದಿಗೆ ಕರೆದು, ಇಷ್ಟು ವರ್ಷ ತಡೆದಿಟ್ಟುಕೊಂಡದ್ದನ್ನು ಕೇಳಿದೆ. ಅವತ್ತು ಬೊಟ್ಟು ನಿನಗೆ ಹೇಗೆ ತಿಳಿಯಿತು? "ದುರುಗಿನೂ ಕೇಳ್ತಾಳ್ರಿ. ನಾ ಹಂಗ ಅಂದಿದ್ದ ನೆನಪಿಲ್ಲ. ಅವತ್ತು ನಾ ಏನೂ ಮಾತಾಡಿಲ್ಲ ಅಂತ ಅನಿಸ್ತೈತಿ" ಅಂದ. ಇನ್ನೂ ಏನೋ ಕೇಳಬೇಕೆಂದು ನಾನು ಬಾಯಿ ತೆರೆದೆ.

ಅಷ್ಟರಲ್ಲಿ ಮಗಳು ನಮ್ಮಿಬ್ಬರ ನಡುವೆ ಬಂದು, ಅಪ್ಪನಿಗೆ ಬೆನ್ನು ಕೊಟ್ಟು ನನ್ನ ಎದುರು ನಿಂತಳು. "ನಮ್ಮಪ್ಪಗ ಕಣ್ಣು ಕಾಣಂಗಿಲ್ರಿ. ಖರೇನ ಕಾಣಂಗಿಲ್ಲ" ಅಂದಳು. ಎಷ್ಟು ಜನರ ಎದುರು ಎಷ್ಟು ಸಲ ಹೇಳಿದ್ದಳೋ, ಮಾತು ಉರುಹೊಡೆದ ಹಾಗೆ ಬಂತು.

"ಗೊತ್ತೈತವ್ವ" ಅಂದೆ. ಬಸ್ ಸ್ಟ್ಯಾಂಡಿನಲ್ಲಿ ಒಂದು ಮಗುವಿಗೆ ಹೇಳಿ ಏನು ಬಂತು? ಅದನ್ನು ಬರೆಯಬೇಕಾಗಿದ್ದ ಚೀಟಿಯ ಮೇಲೆ ನಾನು ಬೇರೆಯದನ್ನೇ ಬರೆದಿದ್ದೆ.